ಡೋಪಮೈನ್ ‘ಸಂತೋಷದ ಹಾರ್ಮೋನ್’ ಸರಿಯೇ? ಬೇರೆ ಪದ ಬೇಕು

ಮಿತ್ರರೇ,

ಮಿದುಳು ಮತ್ತು ವರ್ತನೆಯ ಕುರಿತ ಲೇಖನವೊಂದನ್ನು ತಿದ್ದುತ್ತಿದ್ದೇನೆ. ಅದರಲ್ಲಿ ಡೋಪಮೈನನ್ನು ಉದ್ದಕ್ಕೂ ‘ಸಂತೋಷದ ಹಾರ್ಮೋನ್’ ಎಂದೇ ಬರೆದಿದ್ದಾರೆ. ಎರಡೂ ಪದಗಳ ಬಗ್ಗೆ ನನಗೆ ತಕರಾರಿದೆ.

ಹಾರ್ಮೋನ್ ರಕ್ತದಲ್ಲಿ ಬೆರೆತು ದೂರದ ಅಂಗಕ್ಕೆ ಹೋಗುವಂಥದ್ದು. ಇಲ್ಲಿ ಮಾತು ಒಂದು ನರಕೋಶದ ತುದಿಯಲ್ಲಿ ಸ್ರವಿಸಿ ಮತ್ತೊಂದನ್ನು ಮುಟ್ಟುವ ರಾಸಾಯನಿಕದ್ದು. (ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಮಟ್ಟಿಗೆ ಡೋಪಮೈನ್ ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ, ಅದು ಬೇರೆ ವಿಷಯ.) ಇಂಥ ರಾಸಾಯನಿಕಕ್ಕೆ (ನ್ಯೂರೋಟ್ರಾನ್ಸ್‌ಮಿಟರ್) ‘ನರವಾಹಕ’ ಅಂದರೆ ನರವನ್ನೇ ಹೊತ್ತೊಯ್ದ ಹಾಗಾಗುತ್ತದೆ. ‘ನರಪ್ರೇಷಕ’ ಸಾಕು ಅನಿಸುತ್ತದೆ.

ನಿಜವಾದ ತೊಡಕು ‘ಸಂತೋಷ’ದ್ದು. 1990ರ ದಶಕದಲ್ಲಿ ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಡೋಪಮೈನ್ ಕೋಶಗಳನ್ನು ಗಮನಿಸಿದರು. ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಾಗ ಕೋಶಗಳು ಮಿಡಿದವು. ಮುನ್ಸೂಚನೆ ಕಂಡರೆ ರಸ ಬರುತ್ತದೆಂದು ಕಲಿತ ಮೇಲೆ ಸೂಚನೆಗೇ ಮಿಡಿದವು, ರಸಕ್ಕಲ್ಲ. ಬರಬೇಕಾದ ರಸ ಬಾರದಿದ್ದರೆ ಸರಿಯಾಗಿ ಆ ಗಳಿಗೆಯಲ್ಲಿ ಮಿಡಿತ ಕುಗ್ಗಿತು. ಇನ್ನೊಬ್ಬ ನರವಿಜ್ಞಾನಿ ಕೆಂಟ್ ಬೆರಿಜ್ ಅವರ ಪ್ರಯೋಗದ ಇಲಿಗಳು ಇನ್ನೂ ಸ್ಪಷ್ಟ: ಡೋಪಮೈನ್ ಬಹುಪಾಲು ಬರಿದಾದವು ತಿನಿಸು ಹುಡುಕಿ ಹೋಗುವುದಿಲ್ಲ, ಆದರೆ ಬಾಯಿಗೆ ಸಿಹಿ ಬಿಟ್ಟರೆ ಎಂದಿನಂತೆ ಚಪ್ಪರಿಸುತ್ತವೆ. ಬೇಕೆನ್ನುವುದು ಬೇರೆ, ಸವಿಯುವುದು ಬೇರೆ. ಡೋಪಮೈನಿನ ಪಾತ್ರ ಹೆಚ್ಚಾಗಿ ಮೊದಲನೆಯದರಲ್ಲಿ.

ಈ ‘ಬೇಕು’ಗೆ ಯಾವ ನಾಮಪದ? ‘ಆಸೆ’ ತೀರಾ ಅಗಲ. ‘ಬಯಕೆ’ಯಲ್ಲಿ ತಿಳಿದು ಬಯಸಿದ ಭಾವವಿದೆ, ಬಸುರಿಯ ನೆನಪೂ ಬರುತ್ತದೆ. ‘ಚಪಲ’ ಅರ್ಧ ಬೈಗುಳ. ‘ಹಪಾಹಪಿ’ ನನಗೆ ಇಷ್ಟವಾದ ಪದ. ಪಾರ್ಕಿನ್ಸನ್ ರೋಗಕ್ಕೆ ಡೋಪಮೈನಿನಂತೆ ವರ್ತಿಸುವ ಔಷಧಿ ತೆಗೆದುಕೊಳ್ಳುವ ಕೆಲವರಿಗೆ ಜೂಜಿನ ಗೀಳು ಹತ್ತುವುದುಂಟು. ಅಲ್ಲಿ ಅದು ಹೇಳಿ ಮಾಡಿಸಿದಂತಿದೆ. ಆದರೆ ಸೂಚನೆ ಕಂಡು ರಸಕ್ಕೆ ಕಾಯುವ ಕೋತಿಗೆ ಹಪಾಹಪಿ ಅಂದರೆ ಅತಿಯಾಯಿತು. ಸದ್ಯಕ್ಕೆ ‘ತುಡಿತ’ ಎಂದು ಹಾಕಿದ್ದೇನೆ. ಅದಕ್ಕೊಂದು ಭಾವಗೀತೆಯ ಸೋಂಕಿದೆ, ವಿಜ್ಞಾನದ ವಾಕ್ಯದಲ್ಲಿ ಸ್ವಲ್ಪ ಮುಜುಗರ.

ಭಯದಂಥ ಭಾವಗಳಲ್ಲಿ ಪಾತ್ರವಿರುವ ಮಿದುಳಿನ ಭಾಗ ಅಮಿಗ್ಡಲವನ್ನು ಹಾಗೆಯೇ ಬಿಟ್ಟಿದ್ದೇನೆ. ಗ್ರೀಕ್ ಮೂಲದ ಅರ್ಥ ಹಿಡಿದು ‘ಬಾದಾಮಿ’ ಮಾಡಿದರೆ ಭಯದ ಪ್ರಸಂಗದಲ್ಲಿ ನಗು ಬರುತ್ತದೆ.

ಸೌಮ್ಯ ‘ಬೇಕು’ವಿಗೂ ಗೀಳಿನ ‘ಬೇಕು’ವಿಗೂ ಒಂದೇ ಪದ ಒಗ್ಗೀತೇ, ಎರಡು ಬೇಕೇ? ನಿಮ್ಮ ಕಡೆಯ ಆಡುಮಾತಿನಲ್ಲಿ ಹೊಂದುವ ಪದವಿದ್ದರೆ, ಒಂದು ವಾಕ್ಯದಲ್ಲಿ ಬಳಸಿ ತಿಳಿಸಿ.