ಸಹಾಯ ಬೇಕು: ರಿಸೆಪ್ಶನ್ ಫೋನಿಗೆ ಬಟನ್-ದೀಪದ ಮಾಡ್ಯೂಲ್

ನಮಸ್ಕಾರ. ಬದಿಯಡ್ಕದಲ್ಲಿ ನಮ್ಮದು ಅಡಿಕೆ ವ್ಯಾಪಾರದ ಆಫೀಸು, ಕುಂಬಳೆಯಲ್ಲಿ ಗೋಡೌನ್. ಒಟ್ಟು 30 ಎಕ್ಸ್‌ಟೆನ್ಶನ್. ಆಸ್ಟರಿಸ್ಕ್ (ಫೋನ್ ಎಕ್ಸ್‌ಚೇಂಜ್ ಸಾಫ್ಟ್‌ವೇರ್) ಸರ್ವರ್ ಬದಿಯಡ್ಕದಲ್ಲಿದೆ, ಗೋಡೌನಿನ ಫೋನುಗಳು ವಿಪಿಎನ್ (ಇಂಟರ್ನೆಟ್ ಮೇಲಿನ ಖಾಸಗಿ ಸಂಪರ್ಕ) ಮೂಲಕ ಅದಕ್ಕೇ ಸೇರಿವೆ.

ರಿಸೆಪ್ಶನ್‌ನಲ್ಲಿ ಇರುವುದು ಗ್ರ್ಯಾಂಡ್‌ಸ್ಟ್ರೀಮ್ ಜಿಎಕ್ಸ್‌ಪಿ 2140. ಯಾರು ಮಾತಾಡ್ತಾ ಇದ್ದಾರೆ, ಯಾರು ಖಾಲಿ ಅಂತ ದೀಪದಲ್ಲೇ ಕಾಣಬೇಕು. ಅದೇ ಬಟನ್ ಒತ್ತಿ ಕಾಲ್ ದಾಟಿಸುವ ಹಾಗಿರಬೇಕು. ಈಗ ‘ಒಂದು ನಿಮಿಷ’ ಅಂತ ಹೇಳಿ ಎದ್ದು ಹೋಗಿ ಇಣುಕಬೇಕು. ಅಡಿಕೆ ರೇಟು ಕೇಳಲು ಫೋನ್ ಮಾಡಿದವರು ಎಷ್ಟು ಹೊತ್ತು ಕಾಯ್ತಾರೆ ಹೇಳಿ?

ಈ ಫೋನಿಗೆ ಜಿಎಕ್ಸ್‌ಪಿ 2200 ಇಎಕ್ಸ್‌ಟಿ ಮಾಡ್ಯೂಲ್ (ಪಕ್ಕಕ್ಕೆ ಜೋಡಿಸುವ ಬಟನ್ ಪೆಟ್ಟಿಗೆ) ಹೊಂದುತ್ತದೆ. ಅದರ ಪರದೆಯಲ್ಲಿ ಪುಟಕ್ಕೆ 20 ಬಟನ್‌ನಂತೆ ಎರಡು ಪುಟ, ಒಟ್ಟು 40. ಆದರೆ ಎರಡನೇ ಪುಟ ನೋಡಲು ಪುಟ ಬದಲಿಸಬೇಕಲ್ವಾ? ಅದಕ್ಕೇ ಎರಡು ಮಾಡ್ಯೂಲ್ ಪಕ್ಕಪಕ್ಕ ಜೋಡಿಸುವ ಯೋಚನೆ. ಪಿಒಇ (ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಕೊಡುವ) ಸ್ವಿಚ್‌ನಲ್ಲೇ ಎರಡನ್ನೂ ಓಡಿಸಿದವರು ಇದ್ದೀರಾ? ಅಡಾಪ್ಟರ್ ಹಾಕಿದಿರಾ?

ಜಾಸ್ತಿ ತಲೆನೋವು ಬೇರೆಯೇ. ಫೋನಿನ ಸ್ವಂತ ಕೀಗಳಲ್ಲಿ ಬಿಎಲ್‌ಎಫ್ (ಇನ್ನೊಂದು ಫೋನ್ ಬ್ಯುಸಿಯಾ ಅಂತ ತೋರಿಸುವ ದೀಪ) ಹಾಕಿ, ಸರ್ವರಿನ ಡಯಲ್‌ಪ್ಲಾನ್‌ನಲ್ಲಿ (ಕಾಲ್ ನಿಯಮಗಳ ಫೈಲ್) ಹಿಂಟ್, ಅಂದರೆ ಯಾವ ಎಕ್ಸ್‌ಟೆನ್ಶನ್‌ಗೆ ಯಾವ ಫೋನಿನ ಸ್ಥಿತಿ ನೋಡಬೇಕೆಂಬ ಸಾಲು, ಬರೆದು ನೋಡಿದೆ. ದೀಪ ಚೆನ್ನಾಗಿ ಬದಲಾಗುತ್ತದೆ. ಆದರೆ ಮಳೆಗಾಲ ಬೇರೆ, ಕರೆಂಟ್ ಹೋಗಿ ಸರ್ವರ್ ರೀಸ್ಟಾರ್ಟ್ ಆದರೆ ಕತೆ ಮುಗಿಯಿತು. ಫೋನುಗಳಿಗೆ ಯುಪಿಎಸ್ ಇರುವುದರಿಂದ ಅವು ಆಫ್ ಆಗುವುದಿಲ್ಲ, ದೀಪ ಮಾತ್ರ ಹಳೆಯ ಸ್ಥಿತಿಯಲ್ಲೇ ನಿಲ್ಲುತ್ತದೆ. ಫೋನ್ ಮತ್ತೆ ಸಬ್‌ಸ್ಕ್ರೈಬ್ ಮಾಡುವ (ಸ್ಥಿತಿ ತಿಳಿಸು ಅಂತ ಸರ್ವರನ್ನು ಕೇಳುವ) ತನಕ ಸರ್ವರಿನಿಂದ ನೋಟಿಫೈ (ಸ್ಥಿತಿ ಬದಲಾದ ಸುದ್ದಿ) ಬರುವುದಿಲ್ಲ. ಸಬ್‌ಸ್ಕ್ರೈಬ್ ಅವಧಿ ಕಡಿಮೆ ಮಾಡಿದರೆ ವಿಪಿಎನ್ ಮೇಲೆ ಹೊರೆ ಬೀಳುತ್ತದಾ? ನೀವು ಎಷ್ಟು ಸೆಕೆಂಡ್ ಇಟ್ಟಿದ್ದೀರಿ? (ಸರ್ವರಿಗೂ ಯುಪಿಎಸ್ ಹಾಕಿ ಅಂತ ಹೇಳಬೇಡಿ, ಅದು ಆರ್ಡರ್ ಆಗಿದೆ!)

ಕಾಸರಗೋಡು, ಮಂಗಳೂರು ಕಡೆ ಮಾಡ್ಯೂಲ್ ಸ್ಟಾಕ್ ಇರುವ ಅಂಗಡಿ ಗೊತ್ತಿದ್ದರೆ ಅದನ್ನೂ ತಿಳಿಸಿ.