ಸಮಸ್ಯೆ: ನೇಸರುದಯಿಸಲಿಲ್ಲ, ಮುಳುಗಲಿಲ್ಲ

ಲಘುಗುರು: ಪಂಚಮಾತ್ರಾ ಚೌಪದಿ (ಐದೈದು ಮಾತ್ರೆಯ ಗಣಗಳ ನಾಲ್ಕು ಸಾಲು), ಸಕಾರ ಪ್ರಾಸ (ಪ್ರತಿ ಸಾಲಿನ ಎರಡನೆಯ ಅಕ್ಷರ ‘ಸ’). ಕೊಟ್ಟ ಸಾಲು ಕೊನೆಯಲ್ಲಿ ಬರುವಂತೆ ಪದ್ಯ ಪೂರಣ ಮಾಡಿ. ವಸ್ತು: ಸೂರ್ಯನನ್ನು ನಡುವೆ ಕೂರಿಸಿದ ಹಳೆಯ ಖಗೋಳ.

ಬೆಳ್ಳಿಮುಗಿಲು:
ಬೀಸುಗಲ್ಲಂತಿಳೆಯು ತಿರುಗುತಿರೆ ಹಗಲಿರುಳು
ಆಸನವ ಬಿಡದೆ ರವಿ ಕುಳಿತಿರುವನು |
ಮೋಸಹೋದುದು ಕಣ್ಣು, ಸುತ್ತಾಟ ನಮ್ಮದೇ;
ನೇಸರುದಯಿಸಲಿಲ್ಲ, ಮುಳುಗಲಿಲ್ಲ ‖

ಲಘುಗುರು: ಮಾತ್ರೆ ಎಲ್ಲೂ ಎಡವಿಲ್ಲ, ಭೇಷ್. ಆದರೆ ಮುಗಿಲು ಅವರೇ, ಬೀಸುಗಲ್ಲು ಕೂತಲ್ಲೇ ತಿರುಗುವಂಥದ್ದು. ಭೂಮಿ ತನ್ನ ಸುತ್ತ ತಾನು ತಿರುಗುತ್ತದೆ ಎಂದಷ್ಟೇ ಆಯಿತು. ಅಷ್ಟನ್ನು ಆರ್ಯಭಟನೂ ಹೇಳಿದ್ದಾನೆ (ಕ್ರಿ.ಶ. 499): ದೋಣಿಯಲ್ಲಿ ಮುಂದೆ ಸಾಗುವವನಿಗೆ ದಡದಲ್ಲಿ ನಿಂತದ್ದೆಲ್ಲ ಹಿಂದಕ್ಕೆ ಸರಿದಂತೆ ಕಾಣುತ್ತದಲ್ಲ, ಹಾಗೆ. ಅವನ ಲೆಕ್ಕದಲ್ಲೂ ರವಿ ಸುತ್ತುವುದು ಭೂಮಿಯನ್ನೇ! ನಾಲ್ಕನೆಯ ಸಾಲಿಗೆ ನಿಮ್ಮ ತಿರುಗಾಟ ಸಾಕು, ವಸ್ತುವಿಗೆ ಸಾಲದು.

ಮರಳೆಣಿಕೆ:
ಸಾಸಿವೆಯ ಕಾಳಿನೊಲು ಭೂಕಕ್ಷೆ, ತಾರೆಗಳು
ಏಸೊ ದೂರದಲಿರಲು ಕದಲವೆಂದ |
ಆ ಸಮೋಸಿನ ಜಾಣ ಸುತ್ತಿಸಿದನಿಳೆಯನ್ನೆ;
ನೇಸರುದಯಿಸಲಿಲ್ಲ, ಮುಳುಗಲಿಲ್ಲ ‖

ಜಾಣ ಎಂದರೆ ಸಾಮೋಸ್ ದ್ವೀಪದ ಅರಿಸ್ಟಾರ್ಕಸ್, ಕ್ರಿ.ಪೂ. 3ನೇ ಶತಮಾನದವನು. ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂಬ ವಾದದ ಅವನ ಗ್ರಂಥ ಉಳಿದಿಲ್ಲ. ಮರಳ ಕಣಗಳನ್ನು ಎಣಿಸಲು ಹೊರಟ ಆರ್ಕಿಮಿಡೀಸ್ ಅದನ್ನು ಪ್ರಸ್ತಾಪಿಸಿದ್ದರಿಂದ ನಮಗೆ ಸಿಕ್ಕಿದೆ. ಭೂಮಿ ಅಷ್ಟು ದೊಡ್ಡ ಸುತ್ತು ಹೊಡೆದರೆ ಆರು ತಿಂಗಳಲ್ಲಿ ನಕ್ಷತ್ರಗಳು ಒಂದಿಷ್ಟಾದರೂ ಪಕ್ಕಕ್ಕೆ ಸರಿದು ಕಾಣಬೇಕಲ್ಲ? ನಕ್ಷತ್ರಗೋಲದ ಮುಂದೆ ಭೂಕಕ್ಷೆ ಬರೀ ಬಿಂದು ಎಂದುಬಿಟ್ಟರೆ ಆ ಪ್ರಶ್ನೆ ಏಳುವುದೇ ಇಲ್ಲ. ನಿಜಕ್ಕೂ ಆ ಸರಿತ ಜರ್ಮನ್ ಖಗೋಳಜ್ಞ ಬೆಸೆಲ್‌ನ ಅಳತೆಗೆ ಸಿಕ್ಕಿದ್ದು 1838ರಲ್ಲಿ. ಎಷ್ಟು? ಒಂದು ಡಿಗ್ರಿಯ ಐದು ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ.

ಬೆಳ್ಳಿಮುಗಿಲು: ಸಾಸಿವೆಗೆ ಶರಣು ಸರ್. ಆದರೂ ರವಿಯನ್ನು ಸುತ್ತಿದ ಮಾತ್ರಕ್ಕೆ ದಿನದಿನದ ಹಗಲು ರಾತ್ರಿ ಆಗುವುದಿಲ್ಲ. ಮೂರನೆಯ ಸಾಲಿನಿಂದ ನಾಲ್ಕಕ್ಕೆ ಇಳಿಯಲು ನನ್ನ ಬೀಸುಗಲ್ಲೇ ಬೇಕು!

ಮರಳೆಣಿಕೆ: ಬೇಕೇ ಬೇಕು. ಗ್ರೀಕ್ ಲೇಖಕ ಪ್ಲೂಟಾರ್ಕ್ ಬರೆದಂತೆ ಅರಿಸ್ಟಾರ್ಕಸ್ ಎರಡನ್ನೂ ಹೇಳಿದ್ದ: ಭೂಮಿಗೆ ಓರೆ ವೃತ್ತದಲ್ಲಿ ಪಯಣ, ಜೊತೆಗೆ ತನ್ನ ಅಕ್ಷದಲ್ಲಿ ತಿರುಗು. ಇದಕ್ಕೆ ದೈವದ್ರೋಹದ ಆಪಾದನೆ ಹೊರಿಸಬೇಕೆಂದು ಗ್ರೀಕ್ ತತ್ತ್ವಜ್ಞಾನಿ ಕ್ಲಿಯಾಂಥಿಸ್ ಗುಡುಗಿದ್ದನಂತೆ. ಇಬ್ಬರ ಪದ್ಯ ಸೇರಿದರೇ ಪೂರಣ.

ಅರೆನಿದ್ರೆ: ನನಗೆ ಖಗೋಳ ಬಾರದು.
ಹಾಸಿಗೆಯ ಬಿಡದವಗೆ ಭಾನುವಾರದ ದಿವಸ
ದೋಸೆ ಬಂದರೆ ಸಾಕು ಮಂಚದೆಡೆಗೆ |
ಮೀಸೆಯಡಿ ಗೊರಕೆ, ಮುಚ್ಚಿದ ಕಿಟಕಿ, ಹೊದಿಕೆಯೊಳು
ನೇಸರುದಯಿಸಲಿಲ್ಲ, ಮುಳುಗಲಿಲ್ಲ ‖

ಲಘುಗುರು: ವಸ್ತು ತಪ್ಪಿದೆ, ಪ್ರಾಸ ತಪ್ಪಿಲ್ಲ. ಭಾನುವಾರದ ನೆಪದಲ್ಲಿ ರವಿಯನ್ನು ಎಳೆತಂದದ್ದಕ್ಕೆ ಅರ್ಧ ಅಂಕ.