ಹಾಪ್‌ಗೆ ‘ಮಜಲು’ ಎನ್ನಬಹುದೇ? ಎಂದರೆ ಎಣಿಸುವುದು ಹೇಗೆ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ನಿಸ್ತಂತು ಸಂವೇದಕ ಜಾಲಗಳಲ್ಲಿ (ವೈರ್‌ಲೆಸ್ ಸೆನ್ಸರ್ ನೆಟ್‌ವರ್ಕ್) ಹೆಜ್ಜೆಹೆಜ್ಜೆಗೂ ಬರುವ ‘ಹಾಪ್’ ಎಂಬ ಪದಕ್ಕೆ, ಎಂದರೆ ಒಂದು ಯಂತ್ರದಿಂದ ಇನ್ನೊಂದಕ್ಕೆ ಸುದ್ದಿಯ ಒಂದು ಸಲದ ರವಾನೆಗೆ, ಕನ್ನಡದಲ್ಲಿ ‘ಮಜಲು’ ಎಂದು ಬಳಸುವ ಆಸೆ ನನಗಿದೆ. ಆದರೆ ಈ ಪದದ ಅರ್ಥದಲ್ಲೇ ಒಂದು ತೊಡಕಿದೆ. ಅದನ್ನು ತಮ್ಮ ಮುಂದಿಡುತ್ತಿದ್ದೇನೆ. ಹಿನ್ನೆಲೆ ಸ್ವಲ್ಪ ಉದ್ದವಾಯಿತು, ಸಹಿಸಿಕೊಳ್ಳಬೇಕು.

ತುಮಕೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಎಂ.ಟೆಕ್. ತರಗತಿಗೆ ಈ ವಿಷಯವನ್ನು ಪಾಠ ಮಾಡುತ್ತೇನೆ. ಈ ವರ್ಷ ನಮ್ಮ ವಿದ್ಯಾರ್ಥಿಗಳು ಗುಬ್ಬಿ ಕಡೆಯ ಒಂದು ತೆಂಗಿನ ತೋಟದಲ್ಲಿ ಮಣ್ಣಿನ ತೇವ ಅಳೆಯುವ ಪ್ರಾಜೆಕ್ಟ್ ಹಿಡಿದಿದ್ದಾರೆ. ತೋಟದ ಯಜಮಾನರು ಒಪ್ಪಿದರು, ಒಂದು ಷರತ್ತಿನ ಮೇಲೆ: ತಮ್ಮ ನೆಲದಲ್ಲಿ ಏನನ್ನು ಹೂಳುತ್ತೀರಿ, ಅದು ಯಾರಿಗೆ ಏನು ಹೇಳುತ್ತದೆ ಎಂಬುದನ್ನು ಕನ್ನಡದಲ್ಲಿ ಬರೆದು ಕೊಡಬೇಕು. ನ್ಯಾಯವಾದ ಷರತ್ತು. ಹಾಗೆ ನೋಡಿದರೆ ನಮ್ಮ ಜಿಲ್ಲೆಗೆ ಇದು ಹೊಸ ವಿದ್ಯೆಯೂ ಅಲ್ಲ. 2000ರ ದಶಕದಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಸ್ವಿಟ್ಜರ್ಲೆಂಡಿನ ಲೊಸಾನ್ ತಾಂತ್ರಿಕ ಸಂಸ್ಥೆಯವರ ಜೊತೆಗೂಡಿ ಪಾವಗಡ ತಾಲ್ಲೂಕಿನ ಚನ್ನಕೇಶವಪುರದಲ್ಲಿ, ಮಳೆಯನ್ನೇ ನಂಬಿದ ರೈತರಿಗಾಗಿ, ‘ಕಾಮನ್‌ಸೆನ್ಸ್ ನೆಟ್’ ಎಂಬ ಇಂಥದೇ ಜಾಲವನ್ನು ಹೂಡಿದ್ದರು.

ಬರೆಯಲು ಕುಳಿತಾಗ ‘ಸಂವೇದಕ’, ‘ಜಾಲ’ ಎರಡೂ ಸಲೀಸಾಗಿ ಒದಗಿದವು. ‘ನೋಡ್’ ಎಂಬುದನ್ನು ‘ಗೆಣ್ಣು’ ಎನ್ನೋಣವೆಂದು ಒಬ್ಬ ವಿದ್ಯಾರ್ಥಿನಿ ಸೂಚಿಸಿದಳು. ಪದ ಚೆನ್ನಾಗಿದೆ. ಆದರೆ ರೈತರಿಗೆ ಗೆಣ್ಣು ಎಂದೊಡನೆ ಕಬ್ಬು ನೆನಪಾಗುತ್ತದೆ, ಆದ್ದರಿಂದ ನೋಡ್ ಎಂದೇ ಉಳಿಸಿಕೊಂಡೆವು. ಎಲ್ಲ ಮಾಹಿತಿಯೂ ಬಂದು ಸೇರುವ ‘ಸಿಂಕ್’ ಅನ್ನು ಹಾಗೇ ಬಿಟ್ಟರೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಜಾಗವಾದೀತೆಂದು ‘ಸಂಗ್ರಾಹಕ’ ಎಂದು ಬದಲಿಸಿದೆವು. ಸಿಕ್ಕಿಕೊಂಡದ್ದು ಹಾಪ್‌ನಲ್ಲಿ.

ನೋಡ್‌ಗಳು ಬ್ಯಾಟರಿಯ ಮೇಲೆ ಬದುಕುವ ಪುಟ್ಟ ಯಂತ್ರಗಳು. ಅವುಗಳ ರೇಡಿಯೊ ಬಹಳ ದೂರಕ್ಕೆ ಮುಟ್ಟುವುದಿಲ್ಲ. ತೋಟದೊಳಗೆ ಗರಿಗಳಲ್ಲೂ ಕಾಂಡಗಳಲ್ಲೂ ಇರುವ ನೀರು 2.4 ಗಿಗಾಹರ್ಟ್ಸ್ ಅಲೆಗಳನ್ನು ಹೀರಿಕೊಳ್ಳುವುದರಿಂದ ಆ ದೂರ ಮತ್ತಷ್ಟು ಕುಗ್ಗುತ್ತದೆ. ಹೀಗಾಗಿ ಒಂದು ನೋಡ್ ತನ್ನ ಸುದ್ದಿಯನ್ನು ಪಕ್ಕದ ನೋಡ್‌ಗೆ ಒಪ್ಪಿಸುತ್ತದೆ, ಅದು ಮುಂದಿನದಕ್ಕೆ ದಾಟಿಸುತ್ತದೆ, ಕೊನೆಗೆ ಸಂಗ್ರಾಹಕಕ್ಕೆ ಮುಟ್ಟುತ್ತದೆ. ಒಂದರಿಂದ ಇನ್ನೊಂದಕ್ಕೆ ನಡುವೆ ಎಲ್ಲೂ ನಿಲ್ಲದೆ ಆಗುವ ಒಂದು ಸಲದ ರವಾನೆಯೇ ಹಾಪ್.

ನಿಘಂಟು ತೆರೆದರೆ ಜಿಗಿತ, ನೆಗೆತ, ಕುಪ್ಪಳಿಕೆ ಸಿಗುತ್ತವೆ. ‘ಸಂದೇಶವು ಮೂರು ಬಾರಿ ಕುಪ್ಪಳಿಸಿ ಸಂಗ್ರಾಹಕವನ್ನು ಸೇರುತ್ತದೆ’ ಎಂದು ಬರೆದು ಓದಿದರೆ ಮಕ್ಕಳ ಪದ್ಯ ಓದಿದಂತಾಯಿತು. ‘ಜಿಗಿತ’ಕ್ಕೆ ನನ್ನ ಆಕ್ಷೇಪ ಬೇರೆ. ಇದೇ ಶಾಸ್ತ್ರದಲ್ಲಿ ಇಂಗ್ಲಿಷಿನವರು ಹಾಪ್ ಎಂಬ ಪದವನ್ನೇ ಎರಡನೆಯ ಅರ್ಥದಲ್ಲೂ ದುಡಿಸಿಕೊಂಡಿದ್ದಾರೆ. ಇಂಥ ಪುಟ್ಟ ರೇಡಿಯೊಗಳು ಪಾಲಿಸುವ 802.15.4 ಎಂಬ ಮಾನಕದ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ 16 ಚಾನೆಲ್‌ಗಳಿವೆ. ಒಂದು ಚಾನೆಲ್‌ನಲ್ಲಿ ಗದ್ದಲ ಹೆಚ್ಚಿದ್ದರೂ ಕೆಲಸ ಕೆಡದಿರಲೆಂದು ನೋಡ್‌ಗಳು ಗೊತ್ತುಮಾಡಿಕೊಂಡ ಕ್ರಮದಲ್ಲಿ ಚಾನೆಲ್‌ನಿಂದ ಚಾನೆಲ್‌ಗೆ ಹಾರುವ ಏರ್ಪಾಡು ಆ ಮಾನಕಕ್ಕೆ 2012ರ ತಿದ್ದುಪಡಿಯಲ್ಲಿ ಸೇರಿತು. ಅದು ನಿಜವಾಗಿಯೂ ಜಿಗಿತ, ಅಲ್ಲಿ ನಡುವೆ ಹಾದಿಯೆಂಬುದೇ ಇಲ್ಲ. ಎರಡಕ್ಕೂ ಒಂದೇ ಪದ ಇಟ್ಟು ಇಂಗ್ಲಿಷಿನ ಗೊಂದಲವನ್ನು ನಾವು ಕೈಯಾರೆ ತಂದುಕೊಳ್ಳುವುದೇಕೆ? ಚಾನೆಲ್ ವಿಷಯಕ್ಕೆ ಜಿಗಿತ ಇರಲಿ, ಹಾದಿಯ ವಿಷಯಕ್ಕೆ ಮಜಲು ಇರಲಿ ಎಂಬುದು ನನ್ನ ವಾದ.

ಗಾವುದ, ಹರದಾರಿಗಳನ್ನೂ ಯೋಚಿಸಿದೆ. ಅವು ಅಳತೆಯ ಪದಗಳು, ಇಷ್ಟು ದೂರವೆಂದು ಗೊತ್ತಾದವು. ಹಾಪ್‌ಗೆ ಗೊತ್ತಾದ ದೂರವಿಲ್ಲ. ಬಯಲಿನಲ್ಲಿ ಉದ್ದವಾಗುತ್ತದೆ, ಮರಗಳ ನಡುವೆ ಗಿಡ್ಡವಾಗುತ್ತದೆ. ಪಯಣಿಗನ ಮಜಲಿನ ಗುಣವೂ ಇದೇ: ಹಾದಿ ಹೇಗಿದೆಯೋ ಹಾಗೆ.

ಇನ್ನು ತೊಡಕಿಗೆ ಬರುತ್ತೇನೆ. ‘ಮಜಲು’ ಅರಬ್ಬಿಯ ‘ಮಂಜಿಲ್’ನಿಂದ ಬಂದದ್ದು. ಅಲ್ಲಿ ಅದರ ಮೂಲಾರ್ಥ ಇಳಿದುಕೊಳ್ಳುವ ಜಾಗ. ಕನ್ನಡದಲ್ಲಿ ತಂಗುವ ಜಾಗವೂ ಮಜಲು, ಒಂದು ತಂಗುವ ಜಾಗದಿಂದ ಇನ್ನೊಂದಕ್ಕಿರುವ ಹಾದಿಯೂ ಮಜಲು. ತರಗತಿಯಲ್ಲಿ ಕೇಳಿ ನೋಡಿದೆ: ಶಿರಾದಿಂದ ಹೊರಟು ತುಮಕೂರಿನಲ್ಲಿ ತಂಗಿ ಬೆಂಗಳೂರು ಸೇರಿದರೆ ಎಷ್ಟು ಮಜಲು? ಅರ್ಧ ತರಗತಿ ಒಂದು ಎಂದಿತು, ಉಳಿದರ್ಧ ಎರಡು ಎಂದಿತು. ಇಬ್ಬರದೂ ಕನ್ನಡವೇ. ಜಾಲದ ಲೆಕ್ಕದಲ್ಲಿ ಮಾತ್ರ ಉತ್ತರ ಎರಡೇ ಆಗಬೇಕು.

ಇದು ಬರಿಯ ಮಾತಿನ ತಕರಾರಲ್ಲ. 2000ನೇ ಇಸವಿಯಲ್ಲಿ ‘ಲೀಚ್’ ಎಂಬ ಪ್ರೋಟೊಕಾಲನ್ನು (ಬ್ಯಾಟರಿ ಉಳಿಯುವಂತೆ ಸುದ್ದಿ ಸಾಗಿಸುವ ಕಟ್ಟಳೆಯನ್ನು) ಮಂಡಿಸಿದ ಹೈನ್ಸೆಲ್ಮನ್ ಮತ್ತು ಸಂಗಡಿಗರ ಶಕ್ತಿಯ ಲೆಕ್ಕವನ್ನು ಎಲ್ಲ ಎಂ.ಟೆಕ್. ವಿದ್ಯಾರ್ಥಿಗಳೂ ಮಾಡುತ್ತಾರೆ. ಒಂದು ಬಿಟ್ ಕಳಿಸಲಿ, ಪಡೆಯಲಿ, ರೇಡಿಯೊದ ಮಂಡಲಕ್ಕೆ (ಸರ್ಕ್ಯೂಟ್) 50 ನ್ಯಾನೊಜೂಲ್ ಖರ್ಚು. ಕಳಿಸುವಾಗ ಅಲೆಗೆ ಬಲ ಕೊಡಲು, ಮೀಟರ್‌ಗಳಲ್ಲಿ ಹೇಳಿದ ದೂರದ ವರ್ಗವನ್ನು 100 ಪಿಕೊಜೂಲ್‌ನಿಂದ (ಸಾವಿರ ಪಿಕೊಜೂಲ್ ಸೇರಿದರೆ ಒಂದು ನ್ಯಾನೊಜೂಲ್) ಗುಣಿಸಿದಷ್ಟು ಹೆಚ್ಚಿನ ಖರ್ಚು. ಸಂಗ್ರಾಹಕಕ್ಕೆ ಮನೆಯ ಕರೆಂಟ್ ಇರುವುದರಿಂದ ಅದರ ಖರ್ಚನ್ನು ಬಿಡೋಣ. 100 ಮೀಟರ್ ದೂರಕ್ಕೆ ನೇರವಾಗಿ ಕಳಿಸಿದರೆ ಬಿಟ್‌ಗೆ 1050 ನ್ಯಾನೊಜೂಲ್. ನಡುವೆ ಒಂದು ನೋಡ್ ಇಟ್ಟು ಎರಡು ಸಮತುಂಡು ಮಾಡಿದರೆ 650. ಮೂರು ತುಂಡಾದರೆ ಸುಮಾರು 583. ನಾಲ್ಕಾದರೆ 600, ಐದಾದರೆ ಮತ್ತೆ 650. ತುಂಡು ಹೆಚ್ಚಿದಷ್ಟೂ ಉಳಿತಾಯವೆಂಬ ನಂಬಿಕೆ ಇಲ್ಲಿ ಮುರಿಯುತ್ತದೆ, ಏಕೆಂದರೆ ನಡುವಿನ ಪ್ರತಿ ನೋಡ್ ಕೇಳಿಸಿಕೊಳ್ಳುವುದಕ್ಕೂ ಬ್ಯಾಟರಿ ಸವೆಸುತ್ತದೆ. (ಈ ಲೆಕ್ಕ ಹಳೆಯದು, ಪಾಠಕ್ಕೆ ಅನುಕೂಲವಾದದ್ದು. ಸಿಸಿ2420 ಎಂಬ ಹೆಸರಾಂತ ರೇಡಿಯೊ ಚಿಪ್ ಕೇಳುವಾಗ 18.8 ಮಿಲಿಆಂಪಿಯರ್ ಎಳೆಯುತ್ತದೆ, ಪೂರ್ಣ ಬಲದಲ್ಲಿ ಹೇಳುವಾಗ 17.4. ಸುಮ್ಮನೆ ಕಿವಿಗೊಟ್ಟಿರುವುದೇ ಮಾತಾಡುವುದಕ್ಕಿಂತ ದುಬಾರಿ!)

ಈಗ ‘ಎಷ್ಟು ಮಜಲು ಲೇಸು?’ ಎಂದು ಕೇಳಿದರೆ, ಹಾದಿಯ ತುಂಡನ್ನು ಎಣಿಸುವವರು ಮೂರು ಎನ್ನುತ್ತಾರೆ, ತಂಗುವ ಜಾಗವನ್ನು ಎಣಿಸುವವರು ಎರಡು ಎನ್ನುತ್ತಾರೆ. ಹಾಕಿದ ನೋಡ್‌ಗಳು ಅಷ್ಟೇ, ಉತ್ತರ ಬೇರೆ. ಒಬ್ಬರು ಬರೆದ ‘ಮೂರು ಮಜಲು’ ಇನ್ನೊಬ್ಬರ ಓದಿನಲ್ಲಿ ನಾಲ್ಕು ತುಂಡಾದರೆ 583 ಹೋಗಿ 600 ಆಗುತ್ತದೆ. ಪರೀಕ್ಷೆಯಲ್ಲಿ ಅಂಕ ಹೋಗಬಹುದು. ತೋಟದಲ್ಲಿ ಒಂದು ನೋಡ್‌ನ ಬೆಲೆಯೇ ಹೆಚ್ಚಾಗುತ್ತದೆ.

ನನ್ನ ಸದ್ಯದ ಪರಿಹಾರ ಹೀಗಿದೆ. ‘ಮಜಲು’ ಎಂದರೆ ಹಾದಿಯ ತುಂಡು ಮಾತ್ರ ಎಂದು ಬರಹದ ಆರಂಭದಲ್ಲೇ ಕಟ್ಟು ಮಾಡುವುದು, ನಡುವೆ ಸುದ್ದಿ ದಾಟಿಸುವ ನೋಡ್‌ಗೆ ‘ತಂಗುದಾಣ’ ಎನ್ನುವುದು. ‘ಸಂಗ್ರಾಹಕಕ್ಕೆ ಮೂರು ಮಜಲು, ನಡುವೆ ಎರಡು ತಂಗುದಾಣ’ ಎಂದು ಬರೆದರೆ ಅನುಮಾನಕ್ಕೆ ಎಡೆಯಿಲ್ಲ. ಆದರೆ ಪದಕ್ಕೆ ಇಲ್ಲದ ಕಟ್ಟನ್ನು ನಾನು ಹೇರುತ್ತಿದ್ದೇನೆಯೇ ಅಥವಾ ‘ಇಷ್ಟು ಮಜಲು ನಡೆದು’ ಎಂಬ ಹಳೆಯ ಬಳಕೆಯಲ್ಲೇ ಹಾದಿಯ ಅರ್ಥ ಮುಂದಾಗಿತ್ತೇ? ಪ್ರವಾಸದ ಬರಹಗಳನ್ನೂ ಕಂದಾಯದ ಹಳೆಯ ಕಾಗದಗಳನ್ನೂ ಓದಿದವರು ಒಂದೆರಡು ಪ್ರಯೋಗಗಳನ್ನು ಎತ್ತಿ ತೋರಿಸಿದರೆ ಉಪಕಾರ. ಇಂದಿನ ಪತ್ರಿಕೆಗಳ ‘ಜೀವನದ ಹಲವು ಮಜಲುಗಳು’ ನನಗೆ ನೆರವಾಗುವುದಿಲ್ಲ, ಅಲ್ಲಿ ಅರ್ಥ ತೀರಾ ಸಡಿಲವಾಗಿದೆ.

ಕರಾವಳಿಯವರಿಗೆ ಬೇರೆ ಪ್ರಶ್ನೆ. ತಮ್ಮಲ್ಲಿ ಬೈಲು, ಮಜಲು, ಬೆಟ್ಟು ಎಂದು ಗದ್ದೆಗಳ ವಿಂಗಡಣೆಯಿದೆ. ಮಣ್ಣಿನ ತೇವದ ಬಗ್ಗೆ ಬರೆದ ನಮ್ಮ ಕೈಪಿಡಿಯಲ್ಲಿ ‘ಎರಡನೆಯ ಮಜಲಿನ ನೋಡ್’ ಎಂದು ಕಂಡರೆ, ಅದು ಗದ್ದೆಯಲ್ಲಿ ನೆಟ್ಟ ನೋಡ್ ಎಂದು ತಮಗೆ ತೋರುವುದೇ?

ಕೊನೆಯದು ಸಮಾಸದ್ದು. ‘ಮಲ್ಟಿಹಾಪ್’ಗೆ ‘ಬಹುಮಜಲು’ ಎಂದರೆ ಅರಿಸಮಾಸವಾಯಿತೆಂದು ನಮ್ಮ ಕನ್ನಡ ಉಪನ್ಯಾಸಕರು ಹುಬ್ಬು ಗಂಟಿಕ್ಕಿದರು. ‘ಬಹುಮಹಡಿ’ ಕಟ್ಟಡವನ್ನು ಪತ್ರಿಕೆಗಳು ಎಂದೋ ಕಟ್ಟಿ ಮುಗಿಸಿವೆಯಲ್ಲ ಎಂದೆ. ಹಿಂದಿಯವರಂತೂ ಆ ಕಟ್ಟಡಕ್ಕೆ ‘ಬಹುಮಂಜಿಲಾ’ ಎಂದು ಇದೇ ಮಂಜಿಲ್ ಅನ್ನೇ ಹಚ್ಚಿದ್ದಾರೆ. ಅವರು ಒಪ್ಪಲಿಲ್ಲ, ‘ಹಲಮಜಲು’ ಎಂದು ಬರೆಯಲು ಹೇಳಿದರು. ನನ್ನ ಕಿವಿಗೆ ಅದು ಹಿಡಿಸುತ್ತಿಲ್ಲ, ‘ಹಲವು ಮಜಲಿನ ಜಾಲ’ ಎಂದು ಬಿಡಿಸಿಯೇ ಬರೆಯುವುದು ಮೇಲೆನಿಸುತ್ತದೆ. ಕೈಪಿಡಿ ಇನ್ನೂ ಅಚ್ಚಿಗೆ ಹೋಗಿಲ್ಲ. ಈ ಮೂರರಲ್ಲಿ ಯಾವುದೆಂದು ತಿಳಿಸಿದರೆ ಹಾಗೆಯೇ ತಿದ್ದಿಸುತ್ತೇನೆ.